ಮೊದಲ ಹೆಪ್ಪು

"ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು" ಎಂಬ ಗಾದೆಯನ್ನು ಕೇಳದ ಕನ್ನಡಿಗರು ಇರಲಾರರು. ಒಂದು ಕೆಲಸವಾಗಬೇಕಾದರೆ ಇನ್ನೊಂದು ಆಗಿರಬೇಕು. ಆ ಇನ್ನೊಂದು ಆಗಬೇಕಾದರೆ ಮೊದಲನೆಯದೇ ಮುಗಿದಿರಬೇಕು. ಈ ಇಕ್ಕಟ್ಟಿಗೆ ನಮ್ಮ ತರ್ಕಶಾಸ್ತ್ರಜ್ಞರು ಅನ್ಯೋನ್ಯಾಶ್ರಯವೆಂಬ ಗಂಭೀರವಾದ ಹೆಸರಿಟ್ಟಿದ್ದಾರೆ. ಗಾದೆ ಮಾಡಿದ ಹಿರಿಯರು ಅದನ್ನೇ ಮದುವೆಮನೆಗೆ ತಂದು ನಗಿಸಿದ್ದಾರೆ. ಶಾಸ್ತ್ರಜ್ಞರಾಗಲಿ ಗಾದೆಯವರಾಗಲಿ ಅದರಿಂದ ಪಾರಾಗುವ ದಾರಿಯನ್ನು ಮಾತ್ರ ಹೇಳಲಿಲ್ಲ. ಕಳೆದ ಶತಮಾನದ ನಡುವಿನಲ್ಲಿ ಕೆಲವು ಮಂದಿ ಎಂಜಿನಿಯರುಗಳಿಗೆ ಇದೇ ಇಕ್ಕಟ್ಟು ಎದುರಾಯಿತು. ಅವರು ಒಂದು ದಾರಿಯನ್ನು ಕಂಡುಕೊಂಡರು. ನಮ್ಮ ಮೇಜಿನ ಮೇಲಿನ ಕಂಪ್ಯೂಟರು, ಜೇಬಿನಲ್ಲಿರುವ ಮೊಬೈಲು, ಬ್ಯಾಂಕಿನ ಗೋಡೆಯಲ್ಲಿ ಹಣ ಕೊಡುವ ಯಂತ್ರ, ಎಲ್ಲವೂ ಇಂದಿಗೂ ಆ ದಾರಿಯಿಂದಲೇ ಕಣ್ಣು ತೆರೆಯುತ್ತವೆ. ಅದರ ಕಥೆಯನ್ನು ನನಗೆ ತಿಳಿದಮಟ್ಟಿಗೆ ಇಲ್ಲಿ ಹೇಳಬೇಕೆಂದಿದ್ದೇನೆ. ಕನ್ನಡದ ಮೇಷ್ಟರಿಗೆ ಈ ಉಸಾಬರಿ ಏಕೆಂದು ವಾಚಕರು ಕೇಳಬಹುದು. ಯಂತ್ರದ ಕಥೆಯಾದರೂ ಇದರ ತಿರುಳಿರುವುದು ಆಜ್ಞೆ, ಅಕ್ಷರ, ಓದು ಎಂಬ ಮೂರು ಮಾತುಗಳಲ್ಲಿ. ಅಷ್ಟರಮಟ್ಟಿಗೆ ಇದು ನನ್ನ ಸೀಮೆಗೂ ಸೇರಿದ್ದು.

ಮೊದಲು ಇಕ್ಕಟ್ಟು ಯಾವುದೆಂಬುದನ್ನು ನೋಡೋಣ. ಕಂಪ್ಯೂಟರೆಂದರೆ ಹೇಳಿದ ಆಜ್ಞೆಗಳನ್ನು ಒಂದಾದ ಮೇಲೊಂದರಂತೆ ನಡೆಸುವ ಆಳು. ಆಜ್ಞೆಗಳ ಸಾಲಿಗೆ ಪ್ರೋಗ್ರಾಂ ಎಂದು ಹೆಸರು. ಆಳು ಆಜ್ಞೆಯನ್ನು ಓದಬೇಕಾದರೆ ಅದು ಯಂತ್ರದ ಸ್ಮೃತಿಯಲ್ಲಿ, ಎಂದರೆ ಅದರ ಕಣ್ಣಿಗೆ ಬೀಳುವ ಹಲಗೆಯ ಮೇಲೆ, ಬರೆದಿರಬೇಕು. ಇಂದಿನ ಯಂತ್ರಗಳಲ್ಲಿ ಈ ಹಲಗೆ ವಿದ್ಯುತ್ತು ಹೋದೊಡನೆ ಒರಸಿಹೋಗುವಂಥದು. ಯಂತ್ರದ ಸಂಸಾರವನ್ನೆಲ್ಲ ನಿಭಾಯಿಸುವ ಹಿರಿಯ ಪ್ರೋಗ್ರಾಂ ಒಂದುಂಟು. ಅದಕ್ಕೆ ಆಪರೇಟಿಂಗ್ ಸಿಸ್ಟಮ್ ಎನ್ನುತ್ತಾರೆ. ಯಾವ ಕಡತ ಎಲ್ಲಿದೆ, ಕೀಲಿಮಣೆಯಲ್ಲಿ ಯಾವ ಅಕ್ಷರವನ್ನು ಒತ್ತಿದರು, ಯಾವ ಕೆಲಸಕ್ಕೆ ಎಷ್ಟು ಹೊತ್ತು ಕೊಡಬೇಕು ಎಂಬುದನ್ನೆಲ್ಲ ಹಳೆಯ ಕಾಲದ ಶಿರಸ್ತೇದಾರರಂತೆ ನೋಡಿಕೊಳ್ಳುವುದು ಅದೇ. ಯಂತ್ರವನ್ನು ಆರಿಸಿದಾಗ ಈ ಶಿರಸ್ತೇದಾರರು ಡಿಸ್ಕೆಂಬ ಕಡತದ ಕೋಣೆಯಲ್ಲಿ ಮಲಗಿಬಿಡುತ್ತಾರೆ. ಬೆಳಗ್ಗೆ ಅವರನ್ನು ಎಬ್ಬಿಸಿ ಹಲಗೆಯ ಮುಂದಕ್ಕೆ ಕರೆತರಬೇಕು. ಕರೆತರುವುದೂ ಒಂದು ಕೆಲಸ. ಕೆಲಸಕ್ಕೆ ಆಜ್ಞೆ ಬೇಕು. ಡಿಸ್ಕಿನಿಂದ ಓದುವುದು ಹೇಗೆಂಬ ಆಜ್ಞೆಗಳೂ ಆ ಕೋಣೆಯೊಳಗೇ ಬೀಗ ಹಾಕಿಕೊಂಡು ಕುಳಿತಿದ್ದರೆ ಗತಿಯೇನು? ಮದುವೆಯಾಗದು, ಹುಚ್ಚೂ ಬಿಡದು.

ನಮ್ಮ ಅಡುಗೆಮನೆಯಲ್ಲಿ ಇಂಥದೊಂದು ಇಕ್ಕಟ್ಟು ನಿತ್ಯವೂ ಸದ್ದಿಲ್ಲದೆ ಪರಿಹಾರವಾಗುತ್ತಿರುತ್ತದೆ. ಮೊಸರಾಗಬೇಕಾದರೆ ಮೊಸರೇ ಬೇಕು. ಒಂದು ಪಾತ್ರೆ ಹಾಲಿಗೆ ಒಂದು ಚಮಚದಷ್ಟಾದರೂ ಹೆಪ್ಪು ಬಿದ್ದರಲ್ಲವೆ ಬೆಳಗಾಗುವಷ್ಟರಲ್ಲಿ ಗಡ್ಡೆ ಮೊಸರು? ಹೆಪ್ಪು ಮನೆಯಲ್ಲಿ ತೀರಿಹೋದರೆ ನೆರೆಮನೆಗೆ ಬಟ್ಟಲು ಹಿಡಿದುಕೊಂಡು ಹೋಗುತ್ತೇವೆ. ಕಂಪ್ಯೂಟರಿನ ಕಥೆಯೂ ಹೀಗೆಯೆ. ಎಲ್ಲೋ ಒಂದು ಚಮಚದಷ್ಟು ಆಜ್ಞೆಗಳನ್ನು ಹೊರಗಿನವರು ಯಾರಾದರೂ ಮೊದಲೇ ಇಟ್ಟಿರಬೇಕು. ಆ ಚಮಚವನ್ನು ಯಾರು ಇಟ್ಟರು, ಎಲ್ಲಿ ಇಟ್ಟರು, ಈಗ ಅದು ಯಾರ ವಶದಲ್ಲಿದೆ ಎಂಬುದೇ ಈ ಚರಿತ್ರೆಯ ಸಾರ.

ಎನಿಯಾಕ್ ಎಂಬ ಯಂತ್ರದಿಂದ ಮೊದಲು ಮಾಡೋಣ. ಅಮೆರಿಕದ ಫಿಲಡೆಲ್ಫಿಯಾ ನಗರದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ ಎಕರ್ಟ್ ಮತ್ತು ಮಾಕ್ಲಿ ಎಂಬ ಇಬ್ಬರು ಕಟ್ಟಿದ ಈ ಯಂತ್ರವನ್ನು ೧೯೪೬ರ ಫೆಬ್ರುವರಿಯಲ್ಲಿ ಲೋಕಕ್ಕೆ ತೋರಿಸಿದರು. ಹಳೆಯ ರೇಡಿಯೋಗಳಲ್ಲಿ ಇರುತ್ತಿದ್ದಂಥ ವಾಲ್ವುಗಳು ಅದರಲ್ಲಿ ಸುಮಾರು ೧೮,೦೦೦ ಇದ್ದುವು. ತೂಕ ಸುಮಾರು ೩೦ ಟನ್. ಇಷ್ಟು ದೊಡ್ಡ ಒಡಲಿನ ಈ ಯಂತ್ರಕ್ಕೆ ಆಜ್ಞೆಯನ್ನು ಬರೆದಿಟ್ಟುಕೊಳ್ಳುವ ಹಲಗೆಯೇ ಇರಲಿಲ್ಲ. ಆಜ್ಞೆಯೆಂದರೆ ಯಂತ್ರದ ಮೈಮೇಲಿನ ತಂತಿಗಳೇ. ಒಂದು ಲೆಕ್ಕ ಮುಗಿದು ಇನ್ನೊಂದಕ್ಕೆ ತೊಡಗಬೇಕಾದರೆ ನೂರಾರು ತಂತಿಗಳನ್ನು ಕಿತ್ತು ಬೇರೆ ಕಡೆ ಚುಚ್ಚಬೇಕು, ಸ್ವಿಚ್ಚುಗಳನ್ನು ತಿರುಗಿಸಬೇಕು. ಇದಕ್ಕೆ ದಿನಗಟ್ಟಲೆ ಹಿಡಿಯುತ್ತಿತ್ತು. ಈ ಕೆಲಸವನ್ನು ಮಾಡಿದವರು ಆರು ಮಂದಿ ತರುಣಿಯರು: ಕ್ಯಾಥ್ಲೀನ್ ಮೆಕ್‌ನಲ್ಟಿ, ಬೆಟ್ಟಿ ಜೀನ್ ಜೆನ್ನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ಸಿಸ್ ಬಿಲಾಸ್, ರೂತ್ ಲಿಕ್ಟರ್‌ಮನ್. ಯಂತ್ರದ ಕೀರ್ತಿ ಜಗತ್ತಿನಲ್ಲೆಲ್ಲ ಹಬ್ಬಿದರೂ ಇವರಿಗೆ ಸಲ್ಲಬೇಕಾದ ಮನ್ನಣೆ ಸಂದದ್ದು ಬಹುಮಟ್ಟಿಗೆ ೧೯೯೦ರ ದಶಕದಲ್ಲಿ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಎನಿಯಾಕಿನಲ್ಲಿ ನಮ್ಮ ಗಾದೆಯ ಇಕ್ಕಟ್ಟು ಇನ್ನೂ ಹುಟ್ಟಿರಲಿಲ್ಲ. ಯಂತ್ರವನ್ನು ಎಬ್ಬಿಸುವ ಕೈ ಹೊರಗಡೆ ಎಲ್ಲರಿಗೂ ಕಾಣುವಂತೆ ಇತ್ತು. ಆ ಕೈ ಯಾರದೆಂದು ವಿಚಾರಿಸುವ ಗೋಜಿಗೆ ಅಂದಿನವರು ಹೋಗಲಿಲ್ಲ, ಅಷ್ಟೆ.

ಇಕ್ಕಟ್ಟು ಹುಟ್ಟಿದ್ದು ಆಜ್ಞೆಗಳನ್ನೂ ಅಂಕಿಗಳಂತೆಯೇ ಸ್ಮೃತಿಯಲ್ಲಿ ಬರೆದಿಡಬಹುದೆಂಬ ಯೋಚನೆ ಬಂದಮೇಲೆ. ಗಣಿತಜ್ಞ ಜಾನ್ ಫಾನ್ ನಾಯ್ಮನ್ ಅವರ ಹೆಸರಿನಲ್ಲಿ ೧೯೪೫ರಲ್ಲಿ ಹೊರಟ ವರದಿಯೊಂದು ಈ ಯೋಚನೆಯನ್ನು ಪ್ರಚುರಪಡಿಸಿತು. ಅದನ್ನು ಮೊದಲು ನಡೆಸಿ ತೋರಿಸಿದ್ದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ, ೧೯೪೮ರ ಜೂನ್ ೨೧ರಂದು. ಫ್ರೆಡರಿಕ್ ವಿಲಿಯಮ್ಸ್, ಟಾಮ್ ಕಿಲ್ಬರ್ನ್, ಜೆಫ್ ಟೂಟಿಲ್ ಇವರು ಕಟ್ಟಿದ ಆ ಯಂತ್ರಕ್ಕೆ 'ಬೇಬಿ', ಎಂದರೆ ಕೂಸು, ಎಂದೇ ಅಡ್ಡಹೆಸರು. ಕೂಸಿನ ಸ್ಮೃತಿಯಲ್ಲಿ ೩೨ ಸಾಲುಗಳು. ಒಂದೊಂದು ಸಾಲಿನಲ್ಲಿ ೩೨ ಚುಕ್ಕೆಗಳು. ಕಿಲ್ಬರ್ನ್ ಬರೆದ ಮೊದಲ ಪ್ರೋಗ್ರಾಮಿನಲ್ಲಿ ಇದ್ದುದು ೧೭ ಆಜ್ಞೆಗಳು. ೨,೬೨,೧೪೪ ಎಂಬ ಸಂಖ್ಯೆಯನ್ನು ಭಾಗಿಸುವ, ಅದಕ್ಕಿಂತ ಚಿಕ್ಕದಾದ ಅತಿ ದೊಡ್ಡ ಸಂಖ್ಯೆ ಯಾವುದೆಂದು, ಒಂದೊಂದನ್ನೇ ಪರೀಕ್ಷಿಸುತ್ತ, ೫೨ ನಿಮಿಷ ದುಡಿದು ಅದು ೧,೩೧,೦೭೨ ಎಂಬ ಸರಿಯಾದ ಉತ್ತರ ಕೊಟ್ಟಿತು. ಆ ಹದಿನೇಳು ಆಜ್ಞೆಗಳು ಕೂಸಿನ ತಲೆಯೊಳಕ್ಕೆ ಹೋದದ್ದು ಹೇಗೆ? ಮನುಷ್ಯರು ಅದರ ಮುಂದೆ ನಿಂತು, ಚುಕ್ಕೆ ಚುಕ್ಕೆಯಾಗಿ, ಸ್ವಿಚ್ಚುಗಳನ್ನು ಒತ್ತಿ ಬರೆದರು. ಅಕ್ಷರಾಭ್ಯಾಸದ ದಿನ ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ಓಂಕಾರ ಬರೆಸುವುದಿಲ್ಲವೆ? ಅದೇ ರೀತಿ.

ಹದಿನೇಳು ಸಾಲಿಗೆ ಇದು ಸಾಕು. ನೂರಾರು ಸಾಲುಗಳನ್ನು ಹೀಗೆ ಬರೆಯಹೊರಟರೆ ಬೆರಳೂ ತಾಳ್ಮೆಯೂ ಉಳಿಯಲಾರವು. ಮುಂದಿನ ಹೆಜ್ಜೆಯನ್ನಿಟ್ಟವರು ಕೇಂಬ್ರಿಜ್ಜಿನವರು. ಮಾರಿಸ್ ವಿಲ್ಕ್ಸ್ ಅವರ ನೇತೃತ್ವದಲ್ಲಿ ಕಟ್ಟಿದ ಎಡ್ಸಾಕ್ ಎಂಬ ಯಂತ್ರ ೧೯೪೯ರ ಮೇ ೬ರಂದು ಮೊದಲ ಬಾರಿಗೆ ಪ್ರೋಗ್ರಾಂ ನಡೆಸಿ ವರ್ಗಸಂಖ್ಯೆಗಳ ಮಗ್ಗಿಯೊಂದನ್ನು ಮುದ್ರಿಸಿತು. ಅಲ್ಲಿ ಪ್ರೋಗ್ರಾಮುಗಳನ್ನು ತಂತಿಕಚೇರಿಯಲ್ಲಿ ಬಳಸುತ್ತಿದ್ದಂಥ ಕಾಗದದ ಪಟ್ಟಿಯ ಮೇಲೆ ರಂಧ್ರ ಮಾಡಿ ಬರೆಯುತ್ತಿದ್ದರು. ಪಟ್ಟಿಯನ್ನು ಯಂತ್ರ ತಾನೇ ಓದಿಕೊಳ್ಳಬೇಕು. ಓದಲು ಓದುವುದನ್ನು ಕಲಿತಿರಬೇಕು. ಈ ಗಂಟನ್ನು ಬಿಚ್ಚಿದವನು ಡೇವಿಡ್ ವೀಲರ್ ಎಂಬ ಸಂಶೋಧನ ವಿದ್ಯಾರ್ಥಿ. ಆಗ ಅವನ ವಯಸ್ಸು ಇಪ್ಪತ್ತೆರಡು. ಅವನು ೩೧ ಆಜ್ಞೆಗಳ ಒಂದು ಪುಟ್ಟ ಪ್ರೋಗ್ರಾಂ ಬರೆದ. ಅದಕ್ಕೆ ಅವರು ಇಟ್ಟ ಹೆಸರೂ ಸರಳವಾದದ್ದು: 'ಮೊದಲ ಆಜ್ಞೆಗಳು'. ಟೆಲಿಫೋನ್ ವಿನಿಮಯ ಕೇಂದ್ರಗಳಲ್ಲಿ ಒಂದೊಂದೇ ಹೆಜ್ಜೆ ತಿರುಗುವ ಸ್ವಿಚ್ಚುಗಳಿರುತ್ತಿದ್ದುವು. ಅಂಥ ಸ್ವಿಚ್ಚುಗಳ ಮೇಲೆ ಈ ಆಜ್ಞೆಗಳನ್ನು ತಂತಿ ಕಟ್ಟಿ ಶಾಶ್ವತವಾಗಿ ನಿಲ್ಲಿಸಿದರು. ಗುಂಡಿ ಒತ್ತಿದೊಡನೆ ಸ್ವಿಚ್ಚು ತಿರುಗಿ ೩೧ ಆಜ್ಞೆಗಳೂ ಯಂತ್ರದ ಸ್ಮೃತಿಯ ಮೊದಲ ೩೧ ಮನೆಗಳಲ್ಲಿ ಹೋಗಿ ಕೂರುತ್ತಿದ್ದುವು. ಅವು ಪಟ್ಟಿಯನ್ನು ಓದಿ, ಅದರಲ್ಲಿದ್ದ ಪ್ರೋಗ್ರಾಮನ್ನು ಮುಂದಿನ ಮನೆಗಳಲ್ಲಿ ಬರೆದು, ಅದರ ಕೈಗೆ ಯಜಮಾನಿಕೆಯನ್ನು ಒಪ್ಪಿಸಿಬಿಡುತ್ತಿದ್ದುವು.

ಈ ಮೂವತ್ತೊಂದು ಸಾಲುಗಳ ಹೆಚ್ಚುಗಾರಿಕೆ ಇಷ್ಟೇ ಅಲ್ಲ. ಯಂತ್ರದ ಭಾಷೆ ಸೊನ್ನೆ ಮತ್ತು ಒಂದು. ಮನುಷ್ಯರಿಗೆ ಅದರಲ್ಲಿ ಬರೆಯುವುದೆಂದರೆ ಶಿಕ್ಷೆ. ವೀಲರನ ಆಜ್ಞೆಗಳು ಪಟ್ಟಿಯ ಮೇಲೆ ಅಕ್ಷರಗಳನ್ನೂ ನಮಗೆ ರೂಢಿಯಾದ ದಶಮಾನದ ಅಂಕಿಗಳನ್ನೂ ಬರೆಯಲು ಬಿಟ್ಟು, ಅವನ್ನು ಯಂತ್ರದ ಭಾಷೆಗೆ ತಾವೇ ಭಾಷಾಂತರ ಮಾಡಿಕೊಳ್ಳುತ್ತಿದ್ದುವು. ಕೂಡಬೇಕಾದರೆ ಒಂದಕ್ಷರ, ಕಳೆಯಬೇಕಾದರೆ ಇನ್ನೊಂದಕ್ಷರ. ಪಕ್ಕದಲ್ಲಿ ಯಾವ ಮನೆಯ ಅಂಕಿ ಎಂಬುದರ ಸಂಖ್ಯೆ. ಎಬ್ಬಿಸುವುದು, ಓದಿಸುವುದು, ಭಾಷಾಂತರಿಸುವುದು, ಈ ಮೂರೂ ಕೆಲಸ ಮೂವತ್ತೊಂದೇ ಸಾಲಿನಲ್ಲಿ! ಅರ್ಧ ಮಾತ್ರೆ ಉಳಿದರೆ ವೈಯಾಕರಣರಿಗೆ ಗಂಡುಮಗು ಹುಟ್ಟಿದಷ್ಟು ಸಂಭ್ರಮವೆಂಬ ಮಾತು ನಮ್ಮಲ್ಲಿದೆ. ಸೂತ್ರಗಳ ಬಿಗಿಯನ್ನು ಪಾಠ ಹೇಳಿ ಬಲ್ಲ ನನ್ನಂಥವರಿಗೆ ವೀಲರನ ಸಾಲುಗಳ ಸೊಗಸು ಅರ್ಥವಾಗಲು ಎಂಜಿನಿಯರಿಂಗು ಓದಿರಬೇಕಾದ್ದಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವನು ಇವನ್ನೇ ತಿದ್ದಿ ಇನ್ನೂ ಸಮರ್ಥವಾಗಿ ಬರೆದ.

ಇನ್ನು ಹೆಸರಿನ ವಿಚಾರ. ಯಂತ್ರ ಏಳುವುದಕ್ಕೆ ಇಂದು 'ಬೂಟ್ ಆಗುವುದು' ಎನ್ನುತ್ತೇವೆ. ಕಾಲಿಗೆ ಹಾಕುವ ಬೂಟಿಗೂ ಇದಕ್ಕೂ ಸಂಬಂಧವುಂಟು. ಎತ್ತರದ ಬೂಟುಗಳನ್ನು ಎಳೆದು ಹಾಕಿಕೊಳ್ಳಲು ಹಿಂಭಾಗದಲ್ಲಿ ಒಂದು ಪಟ್ಟಿಯಿರುತ್ತದೆ. 'ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನು ಮೇಲಕ್ಕೆತ್ತಿಕೊಳ್ಳುವುದು' ಎಂದು ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಒಂದು ನುಡಿಗಟ್ಟು ಹುಟ್ಟಿತು. ಆಗದ ಹೋಗದ ಕೆಲಸಕ್ಕೆ ಕೈಹಾಕುವವರನ್ನು ಹಾಸ್ಯ ಮಾಡಲು ಅದನ್ನು ಬಳಸುತ್ತಿದ್ದರು. ಜರ್ಮನರ ಬಡಾಯಿಗಾರ ಬ್ಯಾರನ್ ಮ್ಯೂನ್‌ಹೌಸನ್ನನು ಕೆಸರಿನಲ್ಲಿ ಹೂತು ಹೋದಾಗ ತನ್ನ ಜುಟ್ಟನ್ನು ತಾನೇ ಹಿಡಿದು, ಕುದುರೆಯ ಸಮೇತ ಮೇಲೆದ್ದು ಬಂದನಂತೆ. ಅದೂ ಇದೇ ಜಾತಿಯ ಕಥೆ. ಬರಬರುತ್ತ ಈ ನುಡಿಗಟ್ಟಿನ ಅರ್ಥ ತಿರುವುಮುರುವಾಗಿ, ಯಾರ ಹಂಗೂ ಇಲ್ಲದೆ ಸ್ವಂತ ಶಕ್ತಿಯಿಂದ ಮೇಲೆ ಬಂದವರನ್ನು ಹೊಗಳುವ ಮಾತಾಯಿತು. ಶಬ್ದಾರ್ಥದ ಚರಿತ್ರೆಯಲ್ಲಿ ಇಂಥ ಪಲ್ಟಿಗಳು ಅಪರೂಪವಲ್ಲ. ೧೯೫೦ರ ದಶಕದ ಮೊದಲಲ್ಲಿ ಐ.ಬಿ.ಎಂ. ಕಂಪೆನಿಯ ೭೦೧ ಎಂಬ ಯಂತ್ರ ಬಂತು. ಅದರ ಮೇಲೊಂದು ಗುಂಡಿ. ಒತ್ತಿದರೆ ಯಂತ್ರ ಕಾರ್ಡಿನಿಂದಲೋ ಕಾಂತಪಟ್ಟಿಯಿಂದಲೋ ಒಂದೇ ಒಂದು ಪದವನ್ನು ಸ್ಮೃತಿಗೆ ತೆಗೆದುಕೊಳ್ಳುತ್ತಿತ್ತು. ಆ ಪದದ ಮೊದಲರ್ಧ ಒಂದು ಆಜ್ಞೆ: ಇನ್ನಷ್ಟು ಓದು ಎಂದು. ಓದಿದ್ದರಲ್ಲಿ ಮತ್ತೆ ಓದುವ ಆಜ್ಞೆಗಳು. ಹೀಗೆ ಒಂದು ಎಳೆಯನ್ನು ಹಿಡಿದು ಇಡೀ ಸೀರೆಯನ್ನೇ ಎಳೆದುಕೊಂಡಂತೆ. ಆ ಕಾಲದ ಎಂಜಿನಿಯರುಗಳು ಇದಕ್ಕೆ ಬೂಟಿನ ಪಟ್ಟಿಯ ಹೆಸರನ್ನು ಕೊಟ್ಟರು. ಪಟ್ಟಿ ಉದುರಿ ಬೂಟು ಮಾತ್ರ ಉಳಿದಿದೆ.

ಎಬ್ಬಿಸುವವರು ಸಿದ್ಧವಾದರು, ಏಳಬೇಕಾದ ಶಿರಸ್ತೇದಾರರು ಇನ್ನೂ ಹುಟ್ಟಿರಲಿಲ್ಲ. ಆಗ ಒಂದು ಲೆಕ್ಕ ಮುಗಿದು ಮತ್ತೊಬ್ಬರ ಲೆಕ್ಕ ತೊಡಗುವ ನಡುವೆ ಲಕ್ಷಾಂತರ ಡಾಲರ್ ಬೆಲೆಯ ಯಂತ್ರ ಸುಮ್ಮನೆ ನಿಂತಿರುತ್ತಿತ್ತು. ಈ ನಷ್ಟವನ್ನು ತಪ್ಪಿಸಲು ಜನರಲ್ ಮೋಟಾರ್ಸ್ ಮತ್ತು ನಾರ್ತ್ ಅಮೆರಿಕನ್ ಏವಿಯೇಷನ್ ಎಂಬ ಎರಡು ಕಂಪೆನಿಗಳವರು ಸೇರಿ ೧೯೫೬ರಲ್ಲಿ ಐ.ಬಿ.ಎಂ. ೭೦೪ ಯಂತ್ರಕ್ಕಾಗಿ, ಒಬ್ಬರ ಕೆಲಸ ಮುಗಿದೊಡನೆ ಮುಂದಿನವರದನ್ನು ತಾನೇ ಎತ್ತಿಕೊಳ್ಳುವ ಪ್ರೋಗ್ರಾಂ ಒಂದನ್ನು ಮಾಡಿದರು. ಮೊದಲ ಆಪರೇಟಿಂಗ್ ಸಿಸ್ಟಮ್‌ಗಳ ಸಾಲಿನಲ್ಲಿ ಅದನ್ನು ಎಣಿಸುತ್ತಾರೆ. ಅಂದಿನಿಂದ ಬೂಟ್ ಆಗುವುದೆಂದರೆ ಈ ಹಿರಿಯರನ್ನು ಎಬ್ಬಿಸುವುದು ಎಂಬ ಅರ್ಥ ನೆಲೆಯಾಯಿತು.

ಆದರೂ ಮನುಷ್ಯನ ಬೆರಳು ಅಷ್ಟು ಬೇಗ ಹಿಂದೆ ಸರಿಯಲಿಲ್ಲ. ೧೯೬೫ರಲ್ಲಿ ಬಂದ ಪಿಡಿಪಿ-೮ ಎಂಬ ಸಣ್ಣ ಯಂತ್ರದ ಮುಂದೆ ಸ್ವಿಚ್ಚುಗಳ ಸಾಲು ಇರುತ್ತಿತ್ತು. ಅದರ ಸ್ಮೃತಿ ಕಾಂತದ ಉಂಗುರಗಳದು. ವಿದ್ಯುತ್ತು ಹೋದರೂ ಮರೆಯುತ್ತಿರಲಿಲ್ಲ. ಆದರೆ ದಾರಿತಪ್ಪಿದ ಪ್ರೋಗ್ರಾಂ ಯಾವುದಾದರೂ ಎಬ್ಬಿಸುವ ಆಜ್ಞೆಗಳ ಮೇಲೆಯೇ ಗೀಚಿಬಿಟ್ಟರೆ ಮತ್ತೆ ಸ್ವಿಚ್ಚುಗಳೇ ಗತಿ. ಯಂತ್ರದೊಡನೆ ನಿತ್ಯ ಒಡನಾಡುವವರಿಗೆ ಆ ಹದಿನೈದಿಪ್ಪತ್ತು ಆಜ್ಞೆಗಳು ಬಾಯಿಪಾಠವಾಗಿರುತ್ತಿದ್ದುವು. ೧೯೭೫ರಲ್ಲಿ, ಮನೆಯಲ್ಲಿಯೇ ಜೋಡಿಸಿಕೊಳ್ಳಬಹುದಾದ ಆಲ್ಟೇರ್ ೮೮೦೦ ಯಂತ್ರ ಬಂದಾಗಲೂ ಹೀಗೆಯೆ. ಆ ಯಂತ್ರಕ್ಕೆ ಬೇಸಿಕ್ ಎಂಬ ಭಾಷೆಯನ್ನು ಬಿಲ್ ಗೇಟ್ಸ್ ಮತ್ತು ಪಾಲ್ ಆಲೆನ್ ಎಂಬ ಇಬ್ಬರು ತರುಣರು ಸಿದ್ಧಪಡಿಸಿದರು. ಅದನ್ನು ತೋರಿಸಲು ಆಲೆನ್ ವಿಮಾನದಲ್ಲಿ ಆಲ್ಬುಕರ್ಕಿ ನಗರಕ್ಕೆ ಹೊರಟ. ಕಾಗದದ ಪಟ್ಟಿಯಲ್ಲಿ ಬೇಸಿಕ್ ಏನೋ ಇತ್ತು. ಪಟ್ಟಿಯನ್ನು ಓದು ಎಂದು ಯಂತ್ರಕ್ಕೆ ಹೇಳುವ ಪುಟ್ಟ ಪ್ರೋಗ್ರಾಮನ್ನು ಬರೆದೇ ಇಲ್ಲವೆಂಬುದು ಹೊಳೆದದ್ದು ವಿಮಾನ ಇಳಿಯುವ ಹೊತ್ತಿಗೆ! ಕುಳಿತಲ್ಲಿಯೇ ಅದನ್ನು ಬರೆದುಕೊಂಡು, ಯಂತ್ರದ ಮುಂದೆ ನಿಂತು ಸ್ವಿಚ್ಚುಗಳ ಮೂಲಕ ಒಳಗೆ ಹಾಕಿದ. ಎರಡಕ್ಕೆ ಎರಡು ಕೂಡು ಎಂದರೆ ಯಂತ್ರ ನಾಲ್ಕು ಎಂದಿತು. ಮೈಕ್ರೋಸಾಫ್ಟ್ ಎಂಬ ಭಾರಿ ಸಂಸ್ಥೆಯ ಭವಿಷ್ಯ ಕೆಲವು ನಿಮಿಷ ಒಂದು ಚಮಚ ಹೆಪ್ಪಿನ ಮೇಲೆ ನಿಂತಿತ್ತು.

ಬೆರಳನ್ನು ಕೊನೆಗೂ ಬಿಡುಗಡೆ ಮಾಡಿದ್ದು ಅಳಿಸಿ ಹೋಗದ ಸ್ಮೃತಿಯ ಬಿಲ್ಲೆಗಳು. ಕಾರ್ಖಾನೆಯಲ್ಲಿಯೇ ಆಜ್ಞೆಗಳನ್ನು ಕೆತ್ತಿದ ಇವು ಅಗ್ಗವಾದ ಮೇಲೆ ಹೆಪ್ಪು ಪಾತ್ರೆಯೊಡನೆಯೇ ಮಾರಾಟಕ್ಕೆ ಬಂತೆನ್ನಬಹುದು. ೧೯೮೧ರ ಆಗಸ್ಟ್ ೧೨ರಂದು ಹೊರಬಂದ ಐ.ಬಿ.ಎಂ. ಪರ್ಸನಲ್ ಕಂಪ್ಯೂಟರಿನ ಕ್ರಮವೇ ಮುಂದೆ ಮೂವತ್ತು ವರ್ಷ ನಡೆದುಬಂದ ಮೇಲ್ಪಂಕ್ತಿ. ಗುಂಡಿ ಒತ್ತಿದೊಡನೆ ಅದರ ಸಂಸ್ಕಾರಕ ಬಿಲ್ಲೆ, ತನ್ನ ಹತ್ತು ಲಕ್ಷಕ್ಕೂ ಮೀರಿದ ಮನೆಗಳ ಬೀದಿಯಲ್ಲಿ ಕೊನೆಯಿಂದ ಹದಿನಾರನೆಯ ಮನೆಗೆ ಕಣ್ಣು ಮುಚ್ಚಿಕೊಂಡು ಹೋಗುತ್ತದೆ. ಹುಟ್ಟಿನಿಂದ ಅದಕ್ಕೆ ಗೊತ್ತಿರುವ ವಿಳಾಸ ಅದೊಂದೇ. ಅಲ್ಲಿ 'ಇಂಥ ಕಡೆ ಹೋಗು' ಎಂಬ ಚೀಟಿ. ಅದನ್ನು ಹಿಡಿದು ಹೋದರೆ ಬಯೋಸ್ ಎಂಬ ಪ್ರೋಗ್ರಾಂ. ಆ ಹೆಸರನ್ನು ಇಟ್ಟವನು ಗ್ಯಾರಿ ಕಿಲ್ಡಾಲ್, ೧೯೭೦ರ ದಶಕದಲ್ಲಿ. ಬಯೋಸು ಮೊದಲು ಮನೆಯವರನ್ನೆಲ್ಲ ಎಣಿಸಿ ನೋಡುತ್ತದೆ: ಸ್ಮೃತಿ ನೆಟ್ಟಗಿದೆಯೆ, ಕೀಲಿಮಣೆ ಇದೆಯೆ? ಎಲ್ಲ ಸರಿಯಾಗಿದ್ದರೆ 'ಬೀಪ್' ಎಂದು ಒಂದು ಕೂಗು. ಆಮೇಲೆ ಡಿಸ್ಕಿನ ಮೊತ್ತಮೊದಲ ತುಂಡನ್ನು, ಕೇವಲ ೫೧೨ ಬೈಟುಗಳನ್ನು, ಸ್ಮೃತಿಗೆ ತಂದು ಅದರ ಕೈಗೆ ಅಧಿಕಾರ ಕೊಟ್ಟು ಹಿಂದೆ ಸರಿಯುತ್ತದೆ. ಆ ಪುಟ್ಟ ತುಂಡು ತನಗಿಂತ ದೊಡ್ಡದೊಂದನ್ನು ಕರೆಯುತ್ತದೆ. ಅದು ಇನ್ನೂ ದೊಡ್ಡದನ್ನು. ಕೊನೆಗೆ ಆಪರೇಟಿಂಗ್ ಸಿಸ್ಟಮ್ ಎದ್ದು ಕೂರುತ್ತದೆ. ನಾಂದಿಯಾದ ಮೇಲೆ ಸೂತ್ರಧಾರ ಬರುತ್ತಾನೆ, ನಟಿಯನ್ನು ಕರೆಯುತ್ತಾನೆ, ಎರಡು ಮಾತಾಡಿ ರಾಜನು ಬರುವ ಹೊತ್ತಿಗೆ ಮರೆಯಾಗುತ್ತಾನೆ. ಸಂಸ್ಕೃತ ನಾಟಕದ ಪ್ರಸ್ತಾವನೆಗೂ ಇದಕ್ಕೂ ಹೆಚ್ಚು ಭೇದವಿಲ್ಲ.

ಈ ಏರ್ಪಾಟಿನಲ್ಲಿ ಒಂದು ಮುಗ್ಧತೆಯಿತ್ತು. ಸೂತ್ರಧಾರನ ವೇಷದಲ್ಲಿ ಬಂದವನು ಯಾರೆಂದು ಯಂತ್ರ ಕೇಳುತ್ತಿರಲಿಲ್ಲ. ಮೊದಲ ತುಂಡಿನಲ್ಲಿ ಏನಿದ್ದರೂ ಅದಕ್ಕೆ ಶಿರಸಾವಹಿಸುತ್ತಿತ್ತು. ೧೯೮೨ರಲ್ಲಿ ರಿಚ್ ಸ್ಕ್ರೆಂಟ ಎಂಬ ಹದಿನೈದು ವರ್ಷದ ಅಮೆರಿಕನ್ ಹುಡುಗ ಆಪಲ್ ಯಂತ್ರದ ಫ್ಲಾಪಿಗಳಲ್ಲಿ ಈ ಜಾಗಕ್ಕೆ ತನ್ನ ತುಂಟ ಪ್ರೋಗ್ರಾಂ ಒಂದನ್ನು ತೂರಿಸಿದ. ಐವತ್ತನೆಯ ಸಲ ಬೂಟ್ ಮಾಡಿದಾಗ ಅದು ತೆರೆಯ ಮೇಲೆ ಒಂದು ಪದ್ಯವನ್ನು ತೋರಿಸುತ್ತಿತ್ತು. ೧೯೮೬ರಲ್ಲಿ ಲಾಹೋರಿನ ಇಬ್ಬರು ಸೋದರರ 'ಬ್ರೇನ್' ಎಂಬ ವೈರಸ್ಸು ಇದೇ ಬಾಗಿಲಿನಿಂದ ಐ.ಬಿ.ಎಂ. ಯಂತ್ರಗಳನ್ನು ಹೊಕ್ಕಿತು. ೧೯೯೯ರ ಏಪ್ರಿಲ್ ೨೬ರಂದು ತೈವಾನಿನ ಸಿಐಎಚ್ ಎಂಬ ವೈರಸ್ಸು ಇನ್ನೂ ಮುಂದೆ ಹೋಗಿ ಬಯೋಸನ್ನೇ ಅಳಿಸಿತು. ಅಂಥ ಯಂತ್ರಗಳು ಗುಂಡಿ ಒತ್ತಿದರೂ ಮಿಸುಕಲಿಲ್ಲ. ಹೆಪ್ಪು ಕೆಟ್ಟಮೇಲೆ ಹಾಲಿದ್ದು ಪ್ರಯೋಜನವೇನು? ಯುನಿಕ್ಸ್ ವ್ಯವಸ್ಥೆಯ ಕರ್ತೃಗಳಲ್ಲೊಬ್ಬನಾದ ಕೆನ್ ಥಾಂಪ್ಸನ್ ೧೯೮೪ರಲ್ಲಿ ಪ್ರಕಟವಾದ ತನ್ನ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ಈ ಭಯವನ್ನು ಅದರ ಬೇರಿನವರೆಗೆ ಒಯ್ದ. ಪ್ರೋಗ್ರಾಮುಗಳನ್ನು ಯಂತ್ರಭಾಷೆಗೆ ತಿರುಗಿಸುವ ಭಾಷಾಂತರಕಾರನೇ ಮೋಸಗಾರನಾದರೆ, ಮೂಲ ಗ್ರಂಥವನ್ನು ಎಷ್ಟು ಸಲ ಓದಿದರೂ ಮೋಸ ಕಾಣದೆಂದು ಅವನು ಮಾಡಿ ತೋರಿಸಿದ. ಯಾರನ್ನೂ ನಂಬದೆ ಆರಂಭ ಮಾಡುವುದು ಸಾಧ್ಯವಿಲ್ಲವೆಂಬುದೇ ಆ ಉಪನ್ಯಾಸದ ತಾತ್ಪರ್ಯ.

ಈ ಭಯಕ್ಕೆ ಉತ್ತರವಾಗಿ ಬಂದದ್ದು 'ಸೆಕ್ಯೂರ್ ಬೂಟ್' ಎಂಬ ಕಾವಲು. ಬಯೋಸಿನ ಜಾಗದಲ್ಲಿ ಯುಇಎಫ್ಐ ಎಂಬ ಹೊಸ ಏರ್ಪಾಟು ಬಂದಿತ್ತು. ೨೦೧೨ರಲ್ಲಿ ವಿಂಡೋಸ್ ೮ರೊಡನೆ ಈ ಕಾವಲು ಮನೆಮನೆಯ ಯಂತ್ರಗಳನ್ನು ಸೇರಿತು. ಎಬ್ಬಿಸಲು ಬರುವ ಪ್ರತಿಯೊಂದು ಪ್ರೋಗ್ರಾಮಿನ ಮೇಲೂ ಗಣಿತದ ಲೆಕ್ಕದಿಂದ ಹಾಕಿದ ಮೊಹರು ಇರಬೇಕು, ಮೊಹರನ್ನು ಪರೀಕ್ಷಿಸುವ ಕೀಲಿ ಯಂತ್ರದೊಳಗೆ ಕಾರ್ಖಾನೆಯಿಂದಲೇ ಬಂದಿರುತ್ತದೆ, ಮೊಹರಿಲ್ಲದವರಿಗೆ ಪ್ರವೇಶವಿಲ್ಲ. ಕಳ್ಳರನ್ನು ತಡೆಯಲು ಇದು ಒಳ್ಳೆಯ ಉಪಾಯ. ಇದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಮೊಹರು ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ. ಬಹುಪಾಲು ಯಂತ್ರಗಳಲ್ಲಿ ಅದು ಮೈಕ್ರೋಸಾಫ್ಟಿನದು. ೧೯೯೧ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿ ಸಾವಿರಾರು ಜನ ಬೆಳೆಸಿದ ಲಿನಕ್ಸ್ ವ್ಯವಸ್ಥೆಯೂ ಈ ಯಂತ್ರಗಳಲ್ಲಿ ನಿರಾತಂಕವಾಗಿ ಏಳಬೇಕಾದರೆ ಮೈಕ್ರೋಸಾಫ್ಟಿನ ಮೊಹರು ಬಿದ್ದ ಪುಟ್ಟ ಪ್ರೋಗ್ರಾಂ ಒಂದನ್ನು ಮುಂದಿಟ್ಟುಕೊಂಡು ಬರಬೇಕಾಯಿತು. ೨೦೧೨ರಲ್ಲಿ ಆ ಕಂಪೆನಿ ಹಾಕಿದ ನಿಯಮಗಳಲ್ಲಿ, ಸಾಮಾನ್ಯ ಕಂಪ್ಯೂಟರುಗಳಲ್ಲಿ ಕಾವಲನ್ನು ತೆಗೆಯುವ ಅಧಿಕಾರ ಒಡೆಯನಿಗೆ ಇರಬೇಕೆಂದಿತ್ತು. ಆರ್ಮ್ ಜಾತಿಯ ಬಿಲ್ಲೆಯುಳ್ಳ ವಿಂಡೋಸ್ ಯಂತ್ರಗಳಲ್ಲಿ ಆ ಅಧಿಕಾರ ಇರಕೂಡದೆಂದಿತ್ತು. ಮೊಬೈಲುಗಳಲ್ಲಿಯೂ ಅನೇಕವು ತಯಾರಕರ ಬೀಗವನ್ನು ಹಾಕಿಕೊಂಡೇ ಹುಟ್ಟುತ್ತವೆ. ಮೊಹರಿಗೂ ಆಯುಸ್ಸುಂಟು: ೨೦೧೧ರಲ್ಲಿ ಹೊರಡಿಸಿದ ಪ್ರಮಾಣಪತ್ರಗಳ ಅವಧಿ ೨೦೨೬ರ ಜೂನ್ ತಿಂಗಳಿನಿಂದ ಒಂದೊಂದಾಗಿ ಮುಗಿಯುವಂತೆ ಅವುಗಳಲ್ಲಿಯೇ ಬರೆದಿದೆ.

ಇದರಿಂದ ನಮ್ಮಂಥ ಸಾಮಾನ್ಯರಿಗೆ ಆಗುವುದೇನು? ೨೦೨೫ರ ಅಕ್ಟೋಬರ್ ೧೪ಕ್ಕೆ ವಿಂಡೋಸ್ ೧೦ರ ಸಾಮಾನ್ಯ ಬೆಂಬಲ ಮುಗಿಯಿತು. ಅದರ ನಂತರದ ವಿಂಡೋಸ್ ೧೧ ಸೆಕ್ಯೂರ್ ಬೂಟಿನ ಸಾಮರ್ಥ್ಯವನ್ನೂ ಕೀಲಿಗಳನ್ನು ಕಾಪಾಡುವ ಒಂದು ವಿಶೇಷ ಬಿಲ್ಲೆಯನ್ನೂ ಕೇಳುತ್ತದೆ. ಕೈಕಾಲು ಗಟ್ಟಿಯಾಗಿರುವ ಎಷ್ಟೋ ಹಳೆಯ ಯಂತ್ರಗಳಲ್ಲಿ ಅವು ಇಲ್ಲ. ಅಂಥ ಯಂತ್ರ ಗುಜರಿಗೆ ಹೋಗಬೇಕೋ, ಬೇರೊಂದು ವ್ಯವಸ್ಥೆಯನ್ನು ಹೊತ್ತು ಇನ್ನೂ ನಾಲ್ಕು ವರ್ಷ ದುಡಿಯಬೇಕೋ ಎಂಬುದು ಗುಂಡಿ ಒತ್ತಿದ ನಂತರದ ಒಂದೆರಡು ಕ್ಷಣಗಳಲ್ಲಿ, ಮೊದಲ ಬಾಗಿಲು ನಮ್ಮ ಮಾತನ್ನು ಕೇಳುತ್ತದೆಯೋ ಇಲ್ಲವೋ ಎಂಬುದರ ಮೇಲೆ ನಿಂತಿದೆ.

ಆ ಬಾಗಿಲು ತೆರೆದಿದ್ದರೆ ಏನಾಗಬಹುದೆಂಬುದನ್ನು ನಾನೇ ನೋಡಿದ್ದೇನೆ. ನಮ್ಮ ವಿಭಾಗದ ಮೂಲೆಯಲ್ಲಿ ಹನ್ನೆರಡು ವರ್ಷ ದುಡಿದ ಕಂಪ್ಯೂಟರೊಂದು ಬಟ್ಟೆ ಹೊದ್ದು ಕುಳಿತಿತ್ತು. ಬಿ.ಸಿ.ಎ. ತರಗತಿಯ ವಿದ್ಯಾರ್ಥಿಯೊಬ್ಬ ಅದನ್ನು ಕಂಡು, "ಸಾರ್, ಇದನ್ನ ಗುಜರಿಗೆ ಹಾಕಬೇಡಿ, ನಾನು ಎಬ್ಬಿಸ್ತೀನಿ" ಎಂದ. ಮರುದಿನ ಹೆಬ್ಬೆರಳಷ್ಟು ದೊಡ್ಡ ಪೆನ್ ಡ್ರೈವ್ ತಂದು ಸಿಕ್ಕಿಸಿ, ಗುಂಡಿ ಒತ್ತಿದೊಡನೆ ಕೀಲಿಮಣೆಯ ಒಂದು ಕೀಲಿಯನ್ನು ಟಕಟಕನೆ ಬಡಿದ. "ಡಿಸ್ಕನ್ನ ಬಿಟ್ಟು ಇದರಿಂದ ಏಳು ಅಂತ ಹೇಳ್ತಾ ಇದೀನಿ ಸಾರ್" ಎಂದು ವಿವರಿಸಿದ. ಸ್ವಲ್ಪ ಹೊತ್ತಿನಲ್ಲಿ ತೆರೆಯ ಮೇಲೆ ಲಿನಕ್ಸ್ ಎದ್ದಿತು. ಸ್ವಯಂಸೇವಕರು ಕನ್ನಡಿಸಿದ ಪಟ್ಟಿಗಳಲ್ಲಿ 'ಕಡತ' ಎಂಬ ನಮ್ಮ ಹಳೆಯ ಮಾತು ನಗುತ್ತಿತ್ತು. ಈಗ ಅದರಲ್ಲಿ ನಮ್ಮ ವಿದ್ಯಾರ್ಥಿಗಳು ಪ್ರಬಂಧಗಳನ್ನು ಬೆರಳಚ್ಚು ಮಾಡುತ್ತಾರೆ. ಆ ಹುಡುಗ ಮಾಡಿದ್ದು ಮ್ಯಾಂಚೆಸ್ಟರಿನವರು ಸ್ವಿಚ್ಚು ಒತ್ತಿ ಮಾಡಿದ ಕೆಲಸವನ್ನೇ. ಹೊರಗಿನ ಕೈಯೊಂದು ಹೆಪ್ಪು ತಂದುಕೊಟ್ಟಿತು; ಪಾತ್ರೆ ಅದನ್ನು ಬೇಡವೆನ್ನಲಿಲ್ಲ.

ಮನೆಗೆ ಬೀಗ ಬೇಡವೆನ್ನುವವರು ಯಾರೂ ಇಲ್ಲ. ಕಳ್ಳಕಾಕರ ಕಾಲದಲ್ಲಿ ಗಟ್ಟಿ ಬೀಗವೇ ಬೇಕು. ಆದರೆ ಬೆಲೆ ಕೊಟ್ಟು ಕೊಂಡ ಮನೆಯ ಬೀಗದ ಕೈಗಳಲ್ಲಿ ಒಂದಾದರೂ ಮನೆಯೊಡೆಯನ ಸೊಂಟದಲ್ಲಿರಬೇಕೆಂದು ಕೇಳುವುದು ಅತಿಯಾಸೆಯಾಗಲಾರದು. ಹಳೆಯ ಯಂತ್ರಗಳ ಸ್ವಿಚ್ಚುಗಳು ಬೆರಳಿಗೆ ದಣಿವು ಕೊಡುತ್ತಿದ್ದುವು, ನಿಜ. ಯಾರು ಬೇಕಾದರೂ ಅಲ್ಲಿ ಮೊದಲ ಮಾತನ್ನು ಬರೆಯಬಹುದಾಗಿತ್ತು ಎಂಬುದೂ ನಿಜ. ದಣಿವು ತಪ್ಪಿದ್ದಕ್ಕೆ ಸಂತೋಷಪಡುತ್ತಲೇ, ಅದರ ಜೊತೆಗೆ ಕೈಬಿಟ್ಟುಹೋದದ್ದೇನೆಂಬುದನ್ನೂ ನಾವು ಲೆಕ್ಕದಲ್ಲಿಟ್ಟಿರಬೇಕು. ಹೊಸ ಯಂತ್ರವನ್ನು ಕೊಳ್ಳುವಾಗ ಬೆಲೆ, ಬಣ್ಣ, ವೇಗಗಳ ಜೊತೆಗೆ "ಇದರಲ್ಲಿ ಬೇರೆ ವ್ಯವಸ್ಥೆಯನ್ನು ಎಬ್ಬಿಸಬಹುದೆ?" ಎಂಬ ಪ್ರಶ್ನೆಯನ್ನೂ ಅಂಗಡಿಯವರಿಗೆ ಹಾಕುವುದು ಒಳ್ಳೆಯದು. ಶಾಲೆ ಕಾಲೇಜುಗಳಿಗೆ ನೂರಾರು ಯಂತ್ರಗಳನ್ನು ಒಟ್ಟಿಗೆ ಕೊಳ್ಳುವವರಂತೂ ಕೇಳಲೇಬೇಕು.

ಎಡ್ಸಾಕ್ ಯಂತ್ರವನ್ನು ೧೯೫೮ರಲ್ಲಿ ಬಿಚ್ಚಿಹಾಕಿದರು. ಡೇವಿಡ್ ವೀಲರ್ ೨೦೦೪ರಲ್ಲಿ ತೀರಿಕೊಂಡರು. ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕಿನಲ್ಲಿರುವ ಕಂಪ್ಯೂಟರು ವಸ್ತುಸಂಗ್ರಹಾಲಯದಲ್ಲಿ ಸ್ವಯಂಸೇವಕರು ಆ ಯಂತ್ರದ ಪ್ರತಿಕೃತಿಯನ್ನು ಮತ್ತೆ ಕಟ್ಟಲು ಕೈಹಾಕಿದರು. ಅವರಲ್ಲಿ ನಿವೃತ್ತ ಎಂಜಿನಿಯರುಗಳೂ ಇದ್ದರು. ವಾಲ್ವುಗಳು, ತಂತಿಗಳು ಹಳೆಯವಾಗಿ ಹೋದರೂ ವೀಲರರ ಆ ಮೂವತ್ತೊಂದು ಆಜ್ಞೆಗಳು ಒಂದಕ್ಷರವೂ ನಷ್ಟವಾಗದೆ ಉಳಿದಿವೆ. ಒಂದು ಪುಟದಲ್ಲಿ ಅವನ್ನೆಲ್ಲ ಬರೆಯಬಹುದು. ಅವುಗಳ ಅರ್ಥವನ್ನು ತಿಳಿಯಬೇಕೆಂಬ ಆಸೆಯಿದ್ದವರು ಒಂದು ಸಂಜೆ ಕುಳಿತು, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ಯಾರ ಅಪ್ಪಣೆಯೂ ಇಲ್ಲದೆ ಓದಿಕೊಳ್ಳಬಹುದು.